ಬಿಬಿಎ ಸೇರುವ ಮುನ್ನ, ಸೇರಿದ ಮೇಲೆ

ದ್ವಿತೀಯ ಪಿಯು ಫಲಿತಾಂಶ ಬಂದ ಕೂಡಲೇ ಮನೆಗಳಲ್ಲಿ ಶುರುವಾಗುವ ಚರ್ಚೆಯಲ್ಲಿ ಬಿಬಿಎ ಹೆಸರು ಈಗ ತಪ್ಪದೆ ಬರುತ್ತದೆ. ಇಂಜಿನಿಯರಿಂಗ್ ಒಲ್ಲೆ ಎಂದ ಸೈನ್ಸ್ ಹುಡುಗ, ಬರೀ ಅಕೌಂಟ್ಸ್ ಓದಿ ಬೇಸತ್ತ ಕಾಮರ್ಸ್ ಹುಡುಗಿ, ಬೇಗ ಕೆಲಸ ಸಿಗಲಿ ಎನ್ನುವ ಆರ್ಟ್ಸ್ ವಿದ್ಯಾರ್ಥಿ, ಎಲ್ಲರಿಗೂ ಯಾರಾದರೊಬ್ಬರು "ಬಿಬಿಎ ಮಾಡು" ಎಂದು ಹೇಳಿರುತ್ತಾರೆ. ಯಾವ ವಿಭಾಗದಲ್ಲಿ ಪಿಯು ಪಾಸಾಗಿದ್ದರೂ ಹೆಚ್ಚಿನ ಕಾಲೇಜುಗಳಲ್ಲಿ ಸೀಟು ಸಿಗುತ್ತದೆ. ತೊಂದರೆ ಆಮೇಲಿನದು. ಕಷ್ಟದ ವಿಷಯಗಳನ್ನು ತಪ್ಪಿಸಿಕೊಂಡು, ಪರೀಕ್ಷೆಯ ಹಿಂದಿನ ವಾರ ಗೈಡ್ ಓದಿ ಬಿಬಿಎ ಪಾಸಾಗಿಬಿಡಬಹುದು. ಹಾಗೆ ಪಾಸಾದವರ ಕೈಯಲ್ಲಿ ಮೂರು ವರ್ಷದ ಬಳಿಕ ಪ್ರಮಾಣಪತ್ರ ಇರುತ್ತದೆ, ಮಾಡಬಲ್ಲೆ ಎಂದು ಹೇಳಿಕೊಳ್ಳುವ ಕೆಲಸ ಇರುವುದಿಲ್ಲ. ಲೆಕ್ಕ, ಸಂಖ್ಯಾಶಾಸ್ತ್ರ, ಕಾನೂನು ಈ ಮೂರನ್ನು ಗಟ್ಟಿ ಮಾಡಿಕೊಂಡು, ಒಂದಾದರೂ ವ್ಯಾಪಾರವನ್ನು ಹತ್ತಿರದಿಂದ ಕಂಡವರಿಗೆ ಇದೇ ಡಿಗ್ರಿ ಬಹಳ ಕೊಡುತ್ತದೆ.

ನಿಮ್ಮ ಅಣ್ಣನೋ ಚಿಕ್ಕಪ್ಪನೋ ಓದಿದ ಬಿಬಿಎಂ ಕೋರ್ಸೇ ಇಂದಿನ ಬಿಬಿಎ. ವಿಶ್ವವಿದ್ಯಾಲಯಗಳು ಹೆಸರು ಬದಲಿಸಿ ಸುಮಾರು ಹತ್ತು ವರ್ಷವಾಯಿತು. ಅವಧಿಯ ಬಗ್ಗೆ ಮಾತ್ರ ಈಚೆಗೆ ಗೊಂದಲವಿತ್ತು. ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ರಾಜ್ಯದಲ್ಲಿ 2021-22ರಿಂದ ನಾಲ್ಕು ವರ್ಷದ ಆನರ್ಸ್ ಪದ್ಧತಿ ಬಂದಿತ್ತು. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಬಳಿಕ, 2024-25ರಿಂದ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳು ಮೂರು ವರ್ಷದ ಪದವಿಗೆ ಮರಳಿದವು. ಖಾಸಗಿ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ ನಾಲ್ಕನೇ ವರ್ಷದ ಆಯ್ಕೆ ಇರಬಹುದು. ಸೇರುವಾಗಲೇ ಕೇಳಿಕೊಳ್ಳಿ, ನಾಲ್ಕನೇ ವರ್ಷದ ಶುಲ್ಕ ಎಷ್ಟೆಂಬುದನ್ನೂ ಸೇರಿಸಿ.

ಬಿ.ಕಾಂ. ಬೇಕೋ, ಬಿಬಿಎ ಬೇಕೋ?

ನಿಮ್ಮ ಮಗ ಅಥವಾ ಮಗಳು ಸಿಎ, ಸಿಎಂಎ ಅಥವಾ ಕಂಪನಿ ಸೆಕ್ರೆಟರಿ ಆಗಬೇಕೆಂದು ಗಟ್ಟಿ ಮನಸ್ಸು ಮಾಡಿದ್ದರೆ ಬಿ.ಕಾಂ. ಒಳ್ಳೆಯದು. ಅಲ್ಲಿ ಓದುವ ಅಕೌಂಟ್ಸ್, ತೆರಿಗೆ, ಆಡಿಟ್ ಪಾಠಗಳೇ ವೃತ್ತಿಪರ ಪರೀಕ್ಷೆಗಳಲ್ಲೂ ಬರುತ್ತವೆ, ಒಂದೇ ಓದಿಗೆ ಎರಡು ಫಲ. ಜನರೊಂದಿಗೆ ಬೆರೆಯುವುದು, ಮಾರಾಟ, ನೇಮಕಾತಿ, ಮನೆಯ ವ್ಯಾಪಾರವನ್ನು ಬೆಳೆಸುವುದು, ಇವುಗಳತ್ತ ಒಲವಿದ್ದರೆ ಬಿಬಿಎ. ಕೆಪಿಎಸ್‌ಸಿ, ಯುಪಿಎಸ್‌ಸಿ, ಬ್ಯಾಂಕ್ ಪರೀಕ್ಷೆಗಳಿಗೆ ಎರಡೂ ಸಮಾನ ಪದವಿಗಳು. "ಬಿಬಿಎ ಮಾಡಿದರಷ್ಟೇ ಎಂಬಿಎ" ಎಂಬ ಮಾತನ್ನು ಮಾತ್ರ ನಂಬಬೇಡಿ. ಎಂಬಿಎಗೆ ಯಾವ ಪದವಿಯಾದರೂ ಆದೀತು. ಐಐಎಂ ತರಗತಿಗಳಲ್ಲಿ ಇಂಜಿನಿಯರುಗಳೇ ತುಂಬಿರುತ್ತಾರೆ.

ಇನ್ನೊಂದು ದಾರಿಯೂ ಇದೆ, ಊರಿನ ಮಕ್ಕಳಿಗೆ ಅದರ ಸುದ್ದಿ ತಲುಪುವುದು ಕಡಿಮೆ. ಇಂದೋರ್ ಐಐಎಂ 2011ರಲ್ಲಿ ಪಿಯು ಬಳಿಕ ನೇರ ಪ್ರವೇಶದ ಐದು ವರ್ಷದ ಕೋರ್ಸ್ ಆರಂಭಿಸಿತು. ರೋಹ್ಟಕ್ ಸೇರಿದಂತೆ ಬೇರೆ ಕೆಲವು ಐಐಎಂಗಳಲ್ಲೂ ಈಗ ಅದಿದೆ. ಪ್ರವೇಶ ಪರೀಕ್ಷೆಯಲ್ಲಿ ಗಣಿತ ಮತ್ತು ಇಂಗ್ಲಿಷ್ ಮುಖ್ಯ, ಶುಲ್ಕ ದುಬಾರಿ. ಗಣಿತದಲ್ಲಿ ಚುರುಕಾದ ಮಗುವಿದ್ದರೆ ಪ್ರಥಮ ಪಿಯುನಲ್ಲೇ ವಿಚಾರಿಸಿ. ದೆಹಲಿ ವಿಶ್ವವಿದ್ಯಾಲಯದ ಮ್ಯಾನೇಜ್‌ಮೆಂಟ್ ಪದವಿಗಳಿಗೆ ಸಿಯುಇಟಿ ಬರೆಯಬೇಕು.

ತರಗತಿಯಲ್ಲಿ ಏನಿರುತ್ತದೆ?

ಆರು ಸೆಮಿಸ್ಟರ್‌ಗಳಲ್ಲಿ ಮ್ಯಾನೇಜ್‌ಮೆಂಟ್ ತತ್ವಗಳು, ಫೈನಾನ್ಶಿಯಲ್ ಅಕೌಂಟಿಂಗ್, ವ್ಯವಹಾರ ಗಣಿತ, ಸಂಖ್ಯಾಶಾಸ್ತ್ರ, ಮಾರ್ಕೆಟಿಂಗ್, ಮಾನವ ಸಂಪನ್ಮೂಲ, ಕಾಸ್ಟ್ ಅಕೌಂಟಿಂಗ್, ಹಣಕಾಸು ನಿರ್ವಹಣೆ, ವಾಣಿಜ್ಯ ಕಾನೂನು, ಆದಾಯ ತೆರಿಗೆ, ಜೊತೆಗೆ ಭಾಷೆಗಳು. ಮೂರನೇ ವರ್ಷ ಫೈನಾನ್ಸ್, ಮಾರ್ಕೆಟಿಂಗ್, ಎಚ್‌ಆರ್ ಅಥವಾ ಡೇಟಾ ಅನಲಿಟಿಕ್ಸ್‌ನಂಥ ಒಂದು ಆಯ್ಕೆ. ಪಟ್ಟಿ ಎಲ್ಲ ವಿಶ್ವವಿದ್ಯಾಲಯಗಳಲ್ಲೂ ಹೆಚ್ಚುಕಡಿಮೆ ಇಷ್ಟೇ.

ಮೊದಲ ಸೆಮಿಸ್ಟರ್‌ನಲ್ಲೇ ಹೆನ್ರಿ ಫೇಯಾಲ್‌ನ 14 ತತ್ವಗಳು ಬರುತ್ತವೆ. ವಿದ್ಯಾರ್ಥಿಗಳು ಅವನ್ನು ಮಗ್ಗಿಯಂತೆ ಬಾಯಿಪಾಠ ಮಾಡುತ್ತಾರೆ. ಫೇಯಾಲ್ ಒಬ್ಬ ಗಣಿ ಇಂಜಿನಿಯರ್, 1888ರಲ್ಲಿ ದಿವಾಳಿಯ ಅಂಚಿನಲ್ಲಿದ್ದ ಫ್ರಾನ್ಸಿನ ಗಣಿ ಕಂಪನಿಯ ಹೊಣೆ ಹೊತ್ತು ಮೂವತ್ತು ವರ್ಷ ನಡೆಸಿದವನು, 1916ರಲ್ಲಿ ಪ್ರಕಟವಾದ ಅವನ ಬರಹ ಆ ಅನುಭವದಿಂದ ಬಂದದ್ದು ಎಂದು ಗೊತ್ತಾದರೆ ಆ ಹದಿನಾಲ್ಕೂ ಬೇರೆಯೇ ರೀತಿ ಕಾಣುತ್ತವೆ. ಒಬ್ಬ ಕೆಲಸಗಾರನಿಗೆ ಇಬ್ಬರು ಮೇಲಧಿಕಾರಿಗಳು ಆಜ್ಞೆ ಕೊಡಬಾರದು ಎಂಬುದು ಗಣಿಯೊಳಗೆ ಎಷ್ಟು ಮುಖ್ಯವೆಂದು ಯಾರಿಗೂ ಹೊಳೆದೀತು. ಪಾಠ ಯಾವುದೇ ಇರಲಿ, ಇದು ಎಲ್ಲಿಂದ ಬಂತು, ಯಾರಿಗೆ ಯಾವ ತೊಡಕಾದಾಗ ಬಂತು ಎಂದು ಮೇಷ್ಟ್ರನ್ನು ಕೇಳಿ.

ಈ ಕೋರ್ಸಿನ ಬೆನ್ನೆಲುಬು ಇರುವುದು ಲೆಕ್ಕದಲ್ಲಿ. ಎರಡನೇ ವರ್ಷ ಬರುವ ಬ್ರೇಕ್ ಈವನ್ ಪಾಠವನ್ನೇ ನೋಡಿ. ಒಂದು ಸಣ್ಣ ಇಡ್ಲಿ ಹೋಟೆಲ್ ಎಂದುಕೊಳ್ಳೋಣ. ತಿಂಗಳ ಬಾಡಿಗೆ 16,000 ರೂಪಾಯಿ, ಸಹಾಯಕನ ಸಂಬಳ 14,000, ಕರೆಂಟು, ನೀರು, ಲೈಸೆನ್ಸು ಇತ್ಯಾದಿ 6,000. ಒಂದು ಪ್ಲೇಟ್ ಇಡ್ಲಿಯೂ ಮಾರಾಟವಾಗದಿದ್ದರೂ ಈ 36,000 ಕೊಡಲೇಬೇಕು. ಪ್ಲೇಟಿನ ಬೆಲೆ 40 ರೂಪಾಯಿ. ಅಕ್ಕಿ, ಉದ್ದು, ತೆಂಗಿನಕಾಯಿ, ಗ್ಯಾಸ್ ಎಲ್ಲ ಸೇರಿ ಪ್ಲೇಟಿಗೆ 22 ರೂಪಾಯಿ ಖರ್ಚು. ಉಳಿಯುವುದು 18. 36,000ವನ್ನು 18ರಿಂದ ಭಾಗಿಸಿದರೆ 2,000 ಪ್ಲೇಟು. ತಿಂಗಳಿಗೆ 25 ದಿನ ಬಾಗಿಲು ತೆರೆದರೆ ದಿನಕ್ಕೆ 80 ಪ್ಲೇಟು ಹೋಗಬೇಕು. ಅಷ್ಟಾದರೆ ನಷ್ಟವಿಲ್ಲ, ಲಾಭವೂ ಇಲ್ಲ.

ಈಗ ಎರಡು ಪ್ರಶ್ನೆ ಹಾಕಿಕೊಳ್ಳಿ. ಬಾಡಿಗೆ 3,600 ರೂಪಾಯಿ ಏರಿದರೆ ಏನಾಗುತ್ತದೆ? 2,200 ಪ್ಲೇಟು ಬೇಕು, ದಿನಕ್ಕೆ 88. ಬಾಡಿಗೆ ಹಾಗೆಯೇ ಇದ್ದು ತೆಂಗಿನಕಾಯಿ ತುಟ್ಟಿಯಾಗಿ ಪ್ಲೇಟಿಗೆ 3 ರೂಪಾಯಿ ಖರ್ಚು ಹೆಚ್ಚಿದರೆ? ಉಳಿಯುವುದು 15, ಬೇಕಾದದ್ದು 2,400 ಪ್ಲೇಟು, ದಿನಕ್ಕೆ 96. ಮಾಲೀಕ ಬಾಡಿಗೆ ಏರಿದ್ದಕ್ಕೆ ನಿದ್ದೆಗೆಡುತ್ತಾನೆ, ಚಟ್ನಿಯ ಮೂರು ರೂಪಾಯಿ ಅವನ ಗಮನಕ್ಕೇ ಬರುವುದಿಲ್ಲ. ಇಷ್ಟರಲ್ಲಿ ಅವನ ಮನೆಖರ್ಚು ಇನ್ನೂ ಸೇರಿಲ್ಲ. ತಿಂಗಳಿಗೆ 27,000 ರೂಪಾಯಿ ಮನೆಗೆ ಒಯ್ಯಬೇಕೆಂದರೆ, ಮೊದಲಿನ ಖರ್ಚಿನ ಲೆಕ್ಕದಲ್ಲೇ, 3,500 ಪ್ಲೇಟು ಬೇಕು, ದಿನಕ್ಕೆ 140. ಬೆಳಗಿನ ಎರಡು ಮೂರು ಗಂಟೆಯಲ್ಲಿ ಒಬ್ಬ ಸಹಾಯಕನನ್ನು ಇಟ್ಟುಕೊಂಡು ಅಷ್ಟು ಪ್ಲೇಟು ಕೊಡಲಾಗುತ್ತದೆಯೇ? ಅಲ್ಲಿಗೆ ಲೆಕ್ಕದ ಪಾಠ ಆಪರೇಶನ್ಸ್ ಪಾಠವಾಯಿತು. ಬೆಲೆಯನ್ನು 43 ಮಾಡಿದರೆ ಎಷ್ಟು ಗಿರಾಕಿ ಎದುರಿನ ಹೋಟೆಲಿಗೆ ಹೋಗುತ್ತಾರೆ ಎಂದು ಕೇಳಿದರೆ ಮಾರ್ಕೆಟಿಂಗ್. ಪಠ್ಯದಲ್ಲಿ ಬೇರೆ ಬೇರೆ ಪುಸ್ತಕಗಳಾಗಿ ಬರುವ ವಿಷಯಗಳೆಲ್ಲ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಒಟ್ಟಿಗೆ ನಿಂತಿರುತ್ತವೆ. ನಿಮ್ಮ ಬೀದಿಯ ಝೆರಾಕ್ಸ್ ಅಂಗಡಿ, ಟೈಲರ್, ಹಾಲಿನ ಡೈರಿ, ಯಾವುದಾದರೂ ಒಂದಕ್ಕೆ ಇದೇ ಲೆಕ್ಕ ಹಾಕಿ ನೋಡಿ.

ಸೈನ್ಸ್ ಅಥವಾ ಆರ್ಟ್ಸ್‌ನಿಂದ ಬಂದವರು ಡೆಬಿಟ್, ಕ್ರೆಡಿಟ್ ಎಂದರೆ ಹೆದರುತ್ತಾರೆ. ಮೊದಲ ಸೆಮಿಸ್ಟರ್ ಆರಂಭಕ್ಕೆ ಮುಂಚಿನ ರಜೆಯಲ್ಲಿ ಎನ್‌ಸಿಇಆರ್‌ಟಿಯ 11ನೇ ತರಗತಿ ಅಕೌಂಟೆನ್ಸಿ ಪುಸ್ತಕದ ಮೊದಲ ಭಾಗವನ್ನು ಕೂತು ಬಿಡಿಸಿ. ಅದು ಉಚಿತವಾಗಿ ಸಿಗುತ್ತದೆ, ವಿವರಣೆ ತಿಳಿಯಾಗಿದೆ. ಓದಿದರೆ ಸಾಲದು, ಪೆನ್ನು ಹಿಡಿದು ಮಾಡಬೇಕು. ತೆರಿಗೆ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ: ಸೀನಿಯರ್‌ಗಳ ಹಳೆಯ ಪುಸ್ತಕ ಕೊಳ್ಳಬೇಡಿ. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ ಬಂದಿದೆ, 2026ರ ಏಪ್ರಿಲ್ 1 ಅದರ ಜಾರಿಯ ದಿನ. ಜಿಎಸ್‌ಟಿ ದರಗಳೂ 2025ರ ಸೆಪ್ಟೆಂಬರ್ 22ರಿಂದ ಬದಲಾಗಿವೆ.

ನಮ್ಮ ನೆಲದ ಕೇಸ್ ಸ್ಟಡಿಗಳು

ಪಠ್ಯಪುಸ್ತಕಗಳ ಉದಾಹರಣೆಗಳು ಹೆಚ್ಚಾಗಿ ಅಮೆರಿಕದ ಕಾರು, ಕೋಲಾ ಕಂಪನಿಗಳವು. ಅವೂ ಬೇಕು. ಆದರೆ ನಮ್ಮ ರಾಜ್ಯದಲ್ಲಿ ನಡೆದದ್ದನ್ನು ತಿಳಿಯದೆ ಬಿಬಿಎ ಮುಗಿಸುವುದು ದೊಡ್ಡ ನಷ್ಟ ಎಂದೇ ನಾನು ನಂಬಿದ್ದೇನೆ.

1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ಬ್ಯಾಂಕಿನ ಏಜೆಂಟ್ ದಿನಾ ಗಿರಾಕಿಯ ಬಾಗಿಲಿಗೆ ಹೋಗಿ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಕಟ್ಟಿಸಿಕೊಂಡು ಬರುವ ಪದ್ಧತಿ. ಇವತ್ತೂ ತರಕಾರಿ ಮಾರುಕಟ್ಟೆಗಳಲ್ಲಿ ಪಿಗ್ಮಿ ಕಟ್ಟುವವರಿದ್ದಾರೆ. ಇದರೊಳಗೆ ಎಷ್ಟೆಲ್ಲ ಪಾಠಗಳಿವೆ ನೋಡಿ. ದಿನದ ಸಂಪಾದನೆಯವರು ತಿಂಗಳಿಗೊಮ್ಮೆ ಉಳಿಸಲಾರರು, ದಿನಕ್ಕಿಷ್ಟು ಉಳಿಸಬಲ್ಲರು ಎಂಬ ತಿಳಿವಳಿಕೆ ಗ್ರಾಹಕರ ಅಧ್ಯಯನ. ಏಜೆಂಟನಿಗೆ ಸಂಬಳದ ಬದಲು ಕಮಿಷನ್ ಕೊಟ್ಟರೆ ವಸೂಲಿಯ ಖರ್ಚು ಹತೋಟಿಯಲ್ಲಿರುತ್ತದೆ ಎಂಬುದು ಕಾಸ್ಟಿಂಗ್. ಕೈಗೆ ದುಡ್ಡು ಕೊಡುವ ಹೂವಿನವಳು ಏಜೆಂಟನನ್ನು ನಂಬುವುದು ಹೇಗೆ, ಪಾಸ್‌ಬುಕ್ಕಿನಲ್ಲಿ ಏನು ಬರೆಯಬೇಕು ಎಂಬುದು ಆಂತರಿಕ ನಿಯಂತ್ರಣ. 2020ರ ಏಪ್ರಿಲ್ 1ರಂದು ಆ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಅದು ಇನ್ನೊಂದು ಅಧ್ಯಾಯ.

ಕ್ಯಾಂಪ್ಕೋ ಕತೆಯೂ ಹಾಗೆಯೇ. ಅಡಿಕೆ ಧಾರಣೆ ಕುಸಿದು ಬೆಳೆಗಾರರು ಕಂಗಾಲಾಗಿದ್ದಾಗ, 1973ರಲ್ಲಿ ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಮಂಗಳೂರಿನಲ್ಲಿ ಈ ಸಹಕಾರಿ ಸಂಸ್ಥೆ ಹುಟ್ಟಿತು. ಮುಂದೆ ಇದೇ ಬೆಳೆಗಾರರಿಂದ ಕೋಕೋ ಕೊಳ್ಳುತ್ತಿದ್ದವರು ಹಿಂದೆ ಸರಿದಾಗ ಕ್ಯಾಂಪ್ಕೋ ಕೊಳ್ಳಲು ಮುಂದಾಯಿತು. ಕೊಂಡ ಬೀಜವನ್ನು ಏನು ಮಾಡುವುದು? ಅದಕ್ಕೆ ಉತ್ತರವಾಗಿ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ಶುರುವಾಯಿತು. ಬೆಳೆ ಮಾರುವವರು ತಾವೇ ಸಂಸ್ಕರಣೆಗೆ ಇಳಿದರೆ ಏನು ಸಿಗುತ್ತದೆ, ಯಾವ ಅಪಾಯ ಹೆಗಲೇರುತ್ತದೆ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮಲ್ಲಿ ಸಿಗುವುದು ಕಷ್ಟ. ಸೆಮಿನಾರಿಗೆ ವಿಷಯ ಹುಡುಕುವವರು ಇಂಥವನ್ನು ಎತ್ತಿಕೊಳ್ಳಲಿ.

ಕನ್ನಡ ಮಾಧ್ಯಮದಿಂದ ಬಂದವರಿಗೆ

ಬಿಬಿಎ ಬಹುಪಾಲು ಇಂಗ್ಲಿಷಿನಲ್ಲೇ ನಡೆಯುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಮೊದಲ ಸೆಮಿಸ್ಟರ್‌ನಲ್ಲಿ ಹಿಂಜರಿದು ಹಿಂದಿನ ಬೆಂಚು ಹಿಡಿಯುತ್ತಾರೆ. ಅವರಲ್ಲಿ ಬಹಳ ಮಂದಿಗೆ ವ್ಯಾಪಾರ ಕಣ್ಣಾರೆ ಕಂಡು ಗೊತ್ತು, ಹೇಳಲು ಇಂಗ್ಲಿಷ್ ಪದ ಗೊತ್ತಿಲ್ಲ ಅಷ್ಟೆ. ಒಂದು ನೋಟ್‌ಬುಕ್ ಇಡಿ. ಪ್ರತಿ ಅಧ್ಯಾಯದಲ್ಲಿ ಹತ್ತು ಪದ ಆರಿಸಿ, ಎದುರಿಗೆ ಕನ್ನಡದಲ್ಲಿ ಅರ್ಥ ಬರೆದು ಊರಿನ ಒಂದು ಉದಾಹರಣೆ ಸೇರಿಸಿ. ವರ್ಕಿಂಗ್ ಕ್ಯಾಪಿಟಲ್ ಎಂದರೆ ಗೊಬ್ಬರದ ಅಂಗಡಿಯವರು ಮುಂಗಾರಿಗೆ ಮೊದಲು ಸರಕು ತುಂಬಲು ಹಾಕುವ ದುಡ್ಡು, ಸಾಲಕ್ಕೆ ಒಯ್ದ ರೈತರು ಸುಗ್ಗಿಯ ನಂತರ ಕೊಡುವವರೆಗೂ ಸಿಕ್ಕಿಹಾಕಿಕೊಳ್ಳುವ ದುಡ್ಡು. ಇಷ್ಟು ತಲೆಗೆ ಹೋದ ಮೇಲೆ ಅದನ್ನೇ ನಾಲ್ಕು ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಬರೆದು ಲೆಕ್ಚರರ್‌ಗೆ ತೋರಿಸಿ. ಮೊದಲು ಅರ್ಥ, ಆಮೇಲೆ ಭಾಷೆ. ಉಲ್ಟಾ ಮಾಡಿದವರು ಬಾಯಿಪಾಠಕ್ಕೆ ಬೀಳುತ್ತಾರೆ. ಮಾತಿನ ಇಂಗ್ಲಿಷಿಗಾಗಿ ದುಬಾರಿ ಕೋಚಿಂಗಿಗೆ ಸೇರುವ ಬದಲು ತರಗತಿಯ ಪ್ರೆಸೆಂಟೇಶನ್‌ಗಳಲ್ಲಿ ಮೊದಲು ಕೈ ಎತ್ತುವುದೇ ಉತ್ತಮ ಅಭ್ಯಾಸ.

ಕಾಲೇಜು ಮತ್ತು ದುಡ್ಡು

2024-25ರಿಂದ ಬಿಬಿಎ, ಬಿಸಿಎ ಕೋರ್ಸ್‌ಗಳು ಎಐಸಿಟಿಇ ವ್ಯಾಪ್ತಿಗೆ ಬಂದಿವೆ. ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳು ಅದರ ಅನುಮೋದನೆ ಪಡೆಯಬೇಕು. ಕಾಲೇಜಿನ ಹೆಸರು ಎಐಸಿಟಿಇ ವೆಬ್‌ಸೈಟಿನ ಪಟ್ಟಿಯಲ್ಲಿದೆಯೇ ಎಂದು ನೀವೇ ನೋಡಿ. ನ್ಯಾಕ್ ಶ್ರೇಣಿಯನ್ನು ಗಮನಿಸಿ, ಅದೊಂದನ್ನೇ ನೆಚ್ಚಬೇಡಿ. ಕಾಲೇಜಿಗೆ ಹೋದಾಗ ಕಟ್ಟಡ ನೋಡಿ ಮರುಳಾಗದೆ ಎರಡನೇ, ಮೂರನೇ ವರ್ಷದ ವಿದ್ಯಾರ್ಥಿಗಳನ್ನು ಕ್ಯಾಂಟೀನಿನಲ್ಲಿ ಮಾತಾಡಿಸಿ. ಅಕೌಂಟ್ಸ್ ಮತ್ತು ಸ್ಟ್ಯಾಟಿಸ್ಟಿಕ್ಸ್ ಕಲಿಸುವವರು ಯಾರು, ಅವರು ವರ್ಷಪೂರ್ತಿ ಇರುತ್ತಾರೆಯೇ, ಅರ್ಧದಲ್ಲಿ ಬದಲಾಗುತ್ತಾರೆಯೇ ಎಂದು ಕೇಳಿ. ಕಂಪ್ಯೂಟರ್ ಲ್ಯಾಬ್ ದಿನಾ ತೆರೆದಿರುತ್ತದೆಯೇ ಎಂಬುದೂ ಕೇಳಬೇಕಾದ್ದು. ಕ್ಯಾಂಪಸ್ ನೇಮಕಾತಿಯ ಬೋರ್ಡಿನಲ್ಲಿ ದೊಡ್ಡ ಕಂಪನಿಯ ಲೋಗೋ ಇದ್ದರೆ, ಕಳೆದ ವರ್ಷ ಬಿಬಿಎಯಿಂದ ಎಷ್ಟು ಮಂದಿ ಯಾವ ಹುದ್ದೆಗೆ ಹೋದರು ಎಂದು ವಿಚಾರಿಸಿ. ಉತ್ತರ ತಡವರಿಸಿದರೆ ಅರ್ಥಮಾಡಿಕೊಳ್ಳಿ.

ವಿದೇಶ ಪ್ರವಾಸ, ಬ್ಲೇಜರ್, ಲ್ಯಾಪ್‌ಟಾಪ್ ಎಂದು ಹೆಚ್ಚುವರಿ ಶುಲ್ಕ ಸೇರಿಸುವ ಕಾಲೇಜುಗಳಿವೆ. ಒಟ್ಟು ಮೂರು ವರ್ಷಕ್ಕೆ ಎಷ್ಟಾಗುತ್ತದೆ ಎಂದು ಬರೆಸಿಕೊಳ್ಳಿ, ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಪಡೆಯಿರಿ. ಸಾಮಾನ್ಯ ಬಿಬಿಎಗಾಗಿ ಹೊಲ ಅಡವಿಟ್ಟು ಡೊನೇಶನ್ ಕಟ್ಟುವುದು ಖಂಡಿತ ಬೇಡ. ರಾಜ್ಯದಲ್ಲಿ 400ಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ, ಅವುಗಳಲ್ಲಿ ಹಲವು ಬಿಬಿಎ ನಡೆಸುತ್ತವೆ, ಶುಲ್ಕ ಅತಿ ಕಡಿಮೆ. ಪ್ರವೇಶ ಯುಯುಸಿಎಂಎಸ್ ಪೋರ್ಟಲ್ ಮೂಲಕ. ಕೆಲವು ಸರ್ಕಾರಿ ಕಾಲೇಜುಗಳಲ್ಲಿ ಅಪ್ರೆಂಟಿಸ್‌ಶಿಪ್ ಸೇರಿದ ಪದವಿಗಳೂ ಬಂದಿವೆ. ಓದಿನ ಒಂದು ಭಾಗವನ್ನು ಕಂಪನಿಯಲ್ಲಿ ಸ್ಟೈಪೆಂಡ್ ಪಡೆದು ಕಲಿಯುವ ಅವಕಾಶ ಅದು, ಸಿಕ್ಕರೆ ಬಿಡಬೇಡಿ. ಕೆಲಸ ಮಾಡುತ್ತಲೇ ಓದುವವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಮತ್ತು ಇಗ್ನೊ ಇವೆ. ಬೆಂಗಳೂರಿನ ಐಐಎಂ ಕೂಡ 2024ರಲ್ಲಿ ಡಿಜಿಟಲ್ ಬಿಸಿನೆಸ್ ಮತ್ತು ಉದ್ಯಮಶೀಲತೆಯಲ್ಲಿ ಆನ್‌ಲೈನ್ ಬಿಬಿಎ ಆರಂಭಿಸಿತು. ದೂರಶಿಕ್ಷಣ, ಆನ್‌ಲೈನ್ ಯಾವುದೇ ಇರಲಿ, ಆ ವರ್ಷದ ಯುಜಿಸಿ ಮಾನ್ಯತೆ ಇದೆಯೇ ಎಂದು ನೋಡಿಯೇ ದುಡ್ಡು ಕಟ್ಟಿ.

ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ. ಹಿಂದುಳಿದ ವರ್ಗದ, ಹಾಸ್ಟೆಲ್ ಸಿಗದ ಮಕ್ಕಳಿಗೆ ವಿದ್ಯಾಸಿರಿ ಯೋಜನೆಯಲ್ಲಿ ಊಟ, ವಸತಿಯ ನೆರವಿದೆ. ಸರ್ಕಾರಿ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ, ಸರ್ಕಾರಿ ಕಾಲೇಜಿನಲ್ಲಿ ಪಿಯು ಓದಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ಜೊತೆ ಸೇರಿ ಸರ್ಕಾರ 2025ರಲ್ಲಿ ಆರಂಭಿಸಿದ ದೀಪಿಕಾ ವಿದ್ಯಾರ್ಥಿವೇತನ ವರ್ಷಕ್ಕೆ 30,000 ರೂಪಾಯಿ. ಅರ್ಜಿ ಹಾಕಿದರೂ ಹಣ ಬಾರದೆ ಅಲೆಯುವವರ ತೊಡಕು ಅನೇಕ ಸಲ ಒಂದೇ: ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ ಆಗಿರುವುದಿಲ್ಲ. ಜೂನ್ ತಿಂಗಳಲ್ಲೇ ಬ್ಯಾಂಕಿಗೆ ಹೋಗಿ ಅದನ್ನು ಮುಗಿಸಿ. ಜಾತಿ, ಆದಾಯ ಪ್ರಮಾಣಪತ್ರಗಳ ಹೆಸರು ಅಂಕಪಟ್ಟಿಯ ಹೆಸರಿಗೆ ಅಕ್ಷರಶಃ ಹೊಂದಬೇಕು. ಸಾಲ ಬೇಕಿದ್ದರೆ ವಿದ್ಯಾಲಕ್ಷ್ಮಿ ಪೋರ್ಟಲ್ ಇದೆ. ಕೋರ್ಸ್ ನಡೆಯುವಾಗ ಕಂತು ಕಟ್ಟಬೇಕಿಲ್ಲ ಎಂದು ನೆಮ್ಮದಿಯಾಗಿರಬೇಡಿ, ಬಡ್ಡಿ ಬೆಳೆಯುತ್ತಲೇ ಇರುತ್ತದೆ.

ಮೂರು ವರ್ಷ, ಆ ಬಳಿಕ

ತರಗತಿ ಬಹುಮಟ್ಟಿಗೆ ಮಧ್ಯಾಹ್ನದ ಹೊತ್ತಿಗೆ ಮುಗಿಯುವ ಕೋರ್ಸ್ ಇದು. ಉಳಿದ ಹೊತ್ತೇ ನಿಮ್ಮ ಬಂಡವಾಳ. ಮೊದಲ ವರ್ಷ ಎಕ್ಸೆಲ್ ಕಲಿಯಿರಿ, ಲೆಕ್ಕದ ಮನೆಪಾಠವನ್ನು ಅದರಲ್ಲೇ ಮಾಡಿ. ಎರಡನೇ ವರ್ಷ ಟ್ಯಾಲಿ ಮತ್ತು ಜಿಎಸ್‌ಟಿ. 1986ರಲ್ಲಿ ಶುರುವಾದ ಟ್ಯಾಲಿ ಬೆಂಗಳೂರಿನ ಕಂಪನಿಯದೇ, ತಾಲ್ಲೂಕು ಕೇಂದ್ರದ ಹಾರ್ಡ್‌ವೇರ್ ಅಂಗಡಿಯಲ್ಲೂ ಅದೇ ನಡೆಯುತ್ತದೆ. ಊರಿನ ತೆರಿಗೆ ಸಲಹೆಗಾರರ ಕಚೇರಿಯಲ್ಲಿ ಬೇಸಿಗೆ ರಜೆಯಲ್ಲಿ ಕೂತು ಬಿಲ್ ನಮೂದಿಸಿದವರಿಗೆ ಮೂರನೇ ವರ್ಷದ ತೆರಿಗೆ ಪಾಠ ನೀರು ಕುಡಿದಷ್ಟು ಸುಲಭ. ಸ್ವಯಂ ಪೋರ್ಟಲ್‌ನಲ್ಲಿ ಉಚಿತ ಕೋರ್ಸುಗಳಿವೆ. ಷೇರುಪೇಟೆಯ ಆಸಕ್ತಿಯಿದ್ದವರು ಎನ್‌ಐಎಸ್‌ಎಂ ಪರೀಕ್ಷೆಗಳನ್ನು ನೋಡಲಿ. ಲಿಸ್ಟೆಡ್ ಕಂಪನಿಗಳ ವಾರ್ಷಿಕ ವರದಿ ಬಿಎಸ್‌ಇ, ಎನ್‌ಎಸ್‌ಇ ತಾಣಗಳಲ್ಲಿ ಬಿಟ್ಟಿ ಸಿಗುತ್ತದೆ. ಒಂದೇ ಕಂಪನಿಯನ್ನು ಆರಿಸಿ ಮೂರೂ ವರ್ಷದ ವರದಿ ಓದಿದರೆ, ಬ್ಯಾಲೆನ್ಸ್ ಶೀಟ್ ಎಂದರೇನೆಂದು ಯಾರೂ ಹೇಳಿಕೊಡಬೇಕಿಲ್ಲ.

ಕೊನೆಯ ವರ್ಷದ ಪ್ರಾಜೆಕ್ಟ್ ರಿಪೋರ್ಟ್ ಬಗ್ಗೆ ನನಗೆ ನಿಜವಾದ ನೋವಿದೆ. ಕಾಲೇಜಿನ ಎದುರಿನ ಡಿಟಿಪಿ ಅಂಗಡಿಯಲ್ಲಿ ಸೀನಿಯರ್‌ನ ಫೈಲಿಗೆ ಹೆಸರು ಬದಲಿಸಿ, ಬೈಂಡ್ ಮಾಡಿಸಿ, ಮೇಲೆ ಚಿನ್ನದ ಅಕ್ಷರ ಹಾಕಿಸಿ ಕೊಡುವುದು ನಡೆದೇ ಇದೆ. ನೂರು ಪ್ರಶ್ನಾವಳಿಗಳನ್ನೂ ತಾವೇ ತುಂಬಿ "ಶೇ 72 ಮಂದಿಗೆ ತೃಪ್ತಿಯಿದೆ" ಎಂದು ಬರೆಯುತ್ತಾರೆ. ಪದವಿಯ ಏಕೈಕ ಸ್ವಂತ ಕೆಲಸವನ್ನು ಹೀಗೆ ಕಳೆದುಕೊಳ್ಳಬೇಡಿ. ಮೂವತ್ತೇ ಜನರನ್ನು ನಿಜವಾಗಿ ಕಂಡು ಮಾತಾಡಿಸಿದ ವರದಿ ಇಂಟರ್‌ವ್ಯೂನಲ್ಲಿ ನಿಮ್ಮ ಪರವಾಗಿ ನಿಲ್ಲುತ್ತದೆ. ಯಾವ ಪ್ರಶ್ನೆ ಬಂದರೂ ಉತ್ತರ ಕಣ್ಣ ಮುಂದೆ ಇರುತ್ತದೆ.

ಪದವಿಯಾದ ಮೇಲೆ ರಾಜ್ಯದ ಎಂಬಿಎ ಸೀಟುಗಳಿಗೆ ಕೆಇಎ ನಡೆಸುವ ಪಿಜಿಸಿಇಟಿ, ಐಐಎಂಗಳಿಗೆ ಕ್ಯಾಟ್. ಕ್ಯಾಟ್ ಬರೆಯಲು ಪದವಿಯಲ್ಲಿ ಶೇ 50 ಅಂಕ ಬೇಕು, ಪರಿಶಿಷ್ಟರಿಗೆ ಮತ್ತು ಅಂಗವಿಕಲರಿಗೆ ಶೇ 45. ಬಿಬಿಎ ಮುಗಿಸಿದ ಮರುವರ್ಷವೇ ಯಾವುದಾದರೂ ಕಾಲೇಜಿನಲ್ಲಿ ಎಂಬಿಎ ಸೇರಿದರೆ ಅದೇ ಪಾಠಗಳನ್ನು ಮತ್ತೊಮ್ಮೆ ಓದಿದಂತಾಗುತ್ತದೆ. ಎರಡು ವರ್ಷ ಕೆಲಸ ಮಾಡಿ, ಒಳ್ಳೆಯ ಕಾಲೇಜಿಗೆ ಪ್ರಯತ್ನಿಸುವುದು ಲೇಸು. ವಕೀಲಿಕೆಯ ಒಲವಿದ್ದರೆ ಮೂರು ವರ್ಷದ ಎಲ್‌ಎಲ್‌ಬಿ ಇದೆ. ಗ್ರಾಮೀಣ ಬ್ಯಾಂಕುಗಳ ಐಬಿಪಿಎಸ್ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು, ಅದರ ತಯಾರಿಯನ್ನು ಐದನೇ ಸೆಮಿಸ್ಟರ್‌ನಲ್ಲೇ ಆರಂಭಿಸಿ. ಖಾಸಗಿ ಕಂಪನಿಗಳಲ್ಲಿ ಮೊದಲ ಕೆಲಸ ಹೆಚ್ಚಾಗಿ ಸೇಲ್ಸ್, ನೇಮಕಾತಿ ಅಥವಾ ಬ್ಯಾಕ್ ಆಫೀಸಿನದು, ಸಂಬಳ ಜಾಹೀರಾತಿನಷ್ಟು ಇರುವುದಿಲ್ಲ. ಸೇಲ್ಸ್ ಎಂದರೆ ಮೂಗು ಮುರಿಯಬೇಡಿ. ಬಿಸಿಲಲ್ಲಿ ಅಂಗಡಿ ಅಂಗಡಿ ಸುತ್ತಿದ ಒಂದು ವರ್ಷದಲ್ಲಿ ಸಾಲ, ಸ್ಟಾಕು, ಗಿರಾಕಿ ಮೂರರ ಪರಿಚಯವೂ ಆಗುತ್ತದೆ.

ಮನೆಯಲ್ಲೇ ಅಂಗಡಿ, ತೋಟ, ಲಾರಿ ಇರುವವರು ಓದು ಮುಗಿದ ಮೇಲೆ ನೋಡೋಣ ಎನ್ನದೆ ಮೊದಲ ಸೆಮಿಸ್ಟರ್‌ನಿಂದಲೇ ಅಪ್ಪನ ಲೆಕ್ಕದ ಪುಸ್ತಕ ಕೇಳಿ ಪಡೆಯಿರಿ. ಯಾರು ಎಷ್ಟು ಬಾಕಿ, ಎಷ್ಟು ದಿನದಿಂದ ಬಾಕಿ ಎಂದು ಒಂದು ಎಕ್ಸೆಲ್ ಹಾಳೆಗೆ ಇಳಿಸಿ, ಅಪ್ಪನ ಪಕ್ಕ ಕೂತು ಒಂದೊಂದೇ ಹೆಸರು ಓದಿ ಹೇಳಿ. ವಸೂಲಾಗದ ಬಾಕಿ ಎಷ್ಟಿದೆಯೆಂದು ಅನೇಕ ಮನೆಗಳಲ್ಲಿ ಅಂದೇ ಮೊದಲ ಸಲ ಗೊತ್ತಾಗುತ್ತದೆ.